ಯಜಮಾನರಿಗೆ ನೋಟೀಸು

ವರ್ಷಗಟ್ಟಲೆ ಕೊಟ್ಟುಕೊಂಡು ಬಂದ ಹೆಚ್ಚಿನ ಕಾಸನ್ನು ಮಾಲೀಕ ಒಂದು ಬೆಳಿಗ್ಗೆ ಎದ್ದು ಮೀಸೆ ತಿರುವಿ ನಿಲ್ಲಿಸುವ ಹಾಗಿಲ್ಲ. ಇಪ್ಪತ್ತೊಂದು ದಿನ ಮೊದಲು ಬರೆದು ನೋಟೀಸು ಕೊಡಬೇಕು. ಕೈಗಾರಿಕಾ ವಿವಾದ ಕಾಯ್ದೆ, ಒಂಬತ್ತು-ಎ ಕಲಮು. ನಿಮಗಿದು ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ನಾಚಿಕೆ ಪಡಿ. (ನಾನು ಬಾಯಿಪಾಠ ಮಾಡಿಕೊಂಡೂ ನಾಚಿಕೆ ಪಟ್ಟೆ. ಹೇಗೆ ಅನ್ನುವುದೇ ಮುಂದಿನ ಸಮಾಚಾರ.)

ನಾನು ಚಿಕ್ಕತಿಮ್ಮಪ್ಪ. ಹಿರಿಯೂರಿನ ಹತ್ತಿ ಮಿಲ್ಲೊಂದರಲ್ಲಿ ತೂಕದ ಗುಮಾಸ್ತ; ಅಲ್ಲಿನ ಅರವತ್ತೆರಡು ಜನರ ಸಂಘಕ್ಕೆ ಕಾರ್ಯದರ್ಶಿ; ದುರ್ಗದಿಂದ ಬರುವ ನಾಲ್ಕು ಪುಟದ ವಾರಪತ್ರಿಕೆಯೊಂದರ ಮೂರನೇ ಪುಟಕ್ಕೆ ಲೇಖನ ಬರೆಯುವ ಕೆಂಡ. ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ಲೈಬ್ರರಿಯಲ್ಲಿ ನಿಂತುಕೊಂಡೇ ಕಲಿತೆ. (ಇದ್ದದ್ದು ಎರಡು ಕುರ್ಚಿ. ಎರಡರಲ್ಲೂ ನಿವೃತ್ತ ಮೇಷ್ಟ್ರುಗಳು ನಿದ್ದೆ ಮಾಡುತ್ತಿದ್ದರು.) ನಿಂತು ಕಲಿತ ವಿದ್ಯೆಯಾದ್ದರಿಂದ ಅದು ನನ್ನನ್ನು ಎಲ್ಲಿಯೂ ಸುಮ್ಮನೆ ಕೂರಲು ಬಿಟ್ಟಿಲ್ಲ.

ಹತ್ತಿ ಮಿಲ್ಲಿನಲ್ಲಿ ಜಿನ್ನು ಅಂತ ಇರುತ್ತದೆ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರ. ಅದರ ಮುಂದೆ ಎಂಟು ಗಂಟೆ ಕುಂತವರಿಗೆ ಅದು ನಿಜವಾದ ಜಿನ್ನೇ ಹೌದು, ಮೈ ಹೊಕ್ಕಿದ್ದು ಬಿಡುವುದಿಲ್ಲ. ಮೂಗು, ಗಂಟಲು, ಎದೆ ಎಲ್ಲೆಲ್ಲೂ ಅರಳೆಯ ಧೂಳು. ನಮ್ಮ ದೊಡ್ಡ ಸಾವ್ಕಾರ್ರು ಇದನ್ನು ನೋಡಿ, "ಧೂಳು ಇಳೀಲಿ, ತಗಳ್ರಪ್ಪ" ಅಂತ ದಿನಾ ಸಂಜೆ ಒಬ್ಬೊಬ್ಬರ ಕೈಗೆ ಒಂದು ಉಂಡೆ ಬೆಲ್ಲ ಕೊಡಿಸುತ್ತಿದ್ದರು. ಉಗ್ರಾಣದ ಬೆಲ್ಲ ಅರ್ಧಕ್ಕರ್ಧ ಇರುವೆಗಳ ಪಾಲಾಗತೊಡಗಿದಾಗ (ಅವೂ ಧೂಳಲ್ಲೇ ದುಡಿಯುತ್ತಿದ್ದವಲ್ಲ) ಉಂಡೆಯ ಬದಲು ಸಂಬಳದ ಜೊತೆ ತಿಂಗಳಿಗಿಷ್ಟು ಅಂತ ಕಾಸು ಕೊಟ್ಟರು. ಕಡೆಕಡೆಗೆ ಅದು ಒಂಬತ್ತು ರೂಪಾಯಿ ಆಗಿತ್ತು. ನಾವು ಅದನ್ನು ಬೆಲ್ಲದ ಕಾಸು ಅಂತಿದ್ದೆವು. ಉಂಡೆ, ಕಾಸು ಎಲ್ಲ ಸೇರಿ ಹದಿನಾರು ವರ್ಷ.

ದೊಡ್ಡ ಸಾವ್ಕಾರ್ರು ತೀರಿಕೊಂಡರು. ಮಗ ಸಣ್ಣ ಸಾವ್ಕಾರ್ರು ಗಾದಿಗೆ ಬಂದು ಎರಡು ಸುಧಾರಣೆ ಮಾಡಿದರು: ತಮ್ಮ ತಲೆಯ ಮೇಲೆ ಒಂದು ಫ್ಯಾನು ಹಾಕಿಸಿದರು, ನಮ್ಮ ಬೆಲ್ಲದ ಕಾಸು ತೆಗೆದರು. ಎಪ್ಪತ್ತೊಂಬತ್ತರ ಬೇಸಿಗೆ ಅದು. ಕೇಳಲು ಹೋದಾಗ ಆ ಫ್ಯಾನಿನ ಕೆಳಗೆ ಕುಂತೇ ಹೇಳಿದರು:

"ನೋಡು ತಿಮ್ಮಪ್ಪ, ಅದು ನಮ್ಮಪ್ಪಾಜಿ ಪ್ರೀತಿಯಿಂದ ಕೊಟ್ಟಿದ್ದು. ಪ್ರೀತಿನ ಹಕ್ಕು ಅಂದ್ರೆ ಹೆಂಗೆ?"

ನನ್ನ ಪಕ್ಕ ಬೋರಕ್ಕ ನಿಂತಿದ್ದಳು. ಮಿಲ್ಲಿನಲ್ಲಿ ಎಲ್ಲರಿಗಿಂತ ಹಳಬಳು, ಪಕ್ಕದ ಹಳ್ಳಿ ಆದಿವಾಲದವಳು, ಕೆಮ್ಮಿದರೆ ಜಿನ್ನಿನ ಸದ್ದೇ ಅಡಗುತ್ತದೆ. ಬೆಲ್ಲದ ಕಾಸೇ ಅವಳ ಬಸ್ ಚಾರ್ಜು. ಅದು ನಿಂತ ದಿನದಿಂದ ಆ ಮುದುಕಿ ಬಿಸಿಲಲ್ಲಿ ನಡೆದು ಬಂದು ನಡೆದು ಹೋಗುತ್ತಿದ್ದಳು.

"ಪ್ರೀತಿ ಹೋದ್ರೆ ಹೋಗ್ಲಿ ಸಾವ್ಕಾರ್ರೆ," ಅಂದಳು ಬೋರಕ್ಕ, "ಬಸ್ಸು ಹೋಗ್ತೈತೆ."

ಆ ಮಾತು ನನ್ನ ಎದೆಗೆ ನಾಟಿತು. ಲೇಬರ್ ಆಫೀಸಿಗೆ ಅರ್ಜಿ ಹಾಕಿದೆ. ಮೂರನೇ ಪುಟದಲ್ಲಿ ಬೆಂಕಿ ಕಾರಿದೆ: "ಕೊಡುವ ಕೈಯನ್ನು ಮಾತಿಲ್ಲದೆ ಹಿಂದಕ್ಕೆ ತೆಗೆದವನು ಕಳ್ಳನಿಗಿಂತ ಕಡೆ. ಕಳ್ಳನಾದರೂ ಗೋಡೆಗೆ ಕನ್ನ ಕೊರೆದು ಗುರುತು ಬಿಟ್ಟು ಹೋಗುತ್ತಾನೆ." ಹಿರಿಯೂರಿನ ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. (ಎರಡನೇ ಸಲ ಓದಿದವನು ನಾನೇ.)

ಈಗ ಮನೆಯ ವಿಷಯಕ್ಕೆ ಬರೋಣ. ಬರಲು ನನಗಿಷ್ಟವಿಲ್ಲ. ಆದರೂ ಬರಬೇಕು.

ನಾನು ಮಿಲ್ಲು ಸೇರಿದ್ದು, ನನ್ನ ಹೆಂಡತಿ ಏಕಾಂತಮ್ಮ ನನ್ನ ಮನೆ ಸೇರಿದ್ದು ಒಂದೇ ವರ್ಷ. ಹೊರಕೆರೆದೇವಪುರದ ಹೆಣ್ಣು, ಅವಳೂ ನನ್ನ ಹಾಗೆ ಏಳನೇ ಕ್ಲಾಸೇ, ಆದರೆ ಪಾಸು. ಮೊದಲ ದಿನ ಮಿಲ್ಲಲ್ಲಿ ಕೊಟ್ಟ ಬೆಲ್ಲದ ಉಂಡೆಯನ್ನು ನಾನು ತಿನ್ನಲಿಲ್ಲ. ಟವಲಿನ ತುದಿಗೆ ಕಟ್ಟಿಕೊಂಡು, ಕೆಮ್ಮುತ್ತ ಮನೆಗೆ ತಂದು ಅವಳ ಕೈಗಿಟ್ಟೆ. ಅವಳು ಅರ್ಧ ಮುರಿದು ನನಗೇ ಕೊಟ್ಟಳು. ಅವತ್ತಿನಿಂದ ಅದೇ ರೂಢಿ. ಉಂಡೆ ಹೋಗಿ ಕಾಸು ಬಂದ ಮೇಲೆ ಆ ಕಾಸಲ್ಲಿ ಒಂದು ಪಾಲು ಅವಳ ಹೂವಿಗೆ. ಕಡೆಕಡೆಗೆ ಒಂಬತ್ತರಲ್ಲಿ ಮೂರು ರೂಪಾಯಿ. ಶುಕ್ರವಾರ ಶುಕ್ರವಾರ ಒಂದು ಮೊಳ ಕನಕಾಂಬರ. ಮಿಕ್ಕ ಆರು ನನ್ನ ಬೀಡಿಗೆ, ಪೇಪರಿಗೆ.

ಬೆಲ್ಲದ ಕಾಸು ನಿಂತ ತಿಂಗಳು ನಾನು ನಮ್ಮ ಸಂಸಾರದ ಮುಂಗಡಪತ್ರವನ್ನು ಗಂಭೀರವಾಗಿ ಪರಿಶೀಲಿಸಿ ಹೂವಿನ ಕಾಸು ನಿಲ್ಲಿಸಿದೆ. ಬೀಡಿ, ಪೇಪರು ನಿಲ್ಲಲಿಲ್ಲ. ಅವು ಹೋರಾಟದ ಖರ್ಚು. ಏಕಾಂತಮ್ಮನಿಗೆ ಹೇಳಲಿಲ್ಲ, ಹೇಳುವಂಥ ವಿಷಯ ಅಂತ ಅನ್ನಿಸಲೇ ಇಲ್ಲ. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ಅವಳು ತುಟಿ ಬಿಚ್ಚಲಿಲ್ಲ. ನಾನು ಅದನ್ನು ಕಾರ್ಮಿಕ ವರ್ಗದ ತ್ಯಾಗ ಅಂತ ತಿಳಿದುಕೊಂಡೆ.

ನನ್ನ ಲೇಖನ ಬಂದ ಭಾನುವಾರ ಅವಳು ಪೇಪರನ್ನು ಒಲೆ ಮುಂದೆ ಹರಡಿಕೊಂಡು ಕುಂತಳು.

"ರೀ, 'ಕೊಡುವ ಕೈಯನ್ನು ಮಾತಿಲ್ಲದೆ ಹಿಂದಕ್ಕೆ ತೆಗೆದವನು ಕಳ್ಳನಿಗಿಂತ ಕಡೆ' ಅಂತ ಬರ್ದೀರಲ್ಲ."

"ಹೆಂಗೈತೆ?"

"ಭಾಳ ಚೆನ್ನಾಗೈತೆ. ಇದು ಬರೀ ಮಿಲ್ಲಿಗೋ, ಎಲ್ಲಾರಿಗೋ?"

"ನ್ಯಾಯ ಅಂದ ಮೇಲೆ ಎಲ್ಲಾರಿಗೂ!" ಅಂದೆ, ಬೀಡಿ ಹೊಗೆಯನ್ನು ಮಾಡಿನ ಕಡೆಗೆ ಬಿಟ್ಟು. ಇಷ್ಟು ಸಲೀಸಾಗಿ ಗಂಡಸೊಬ್ಬ ಬೋನಿಗೆ ಕಾಲಿಟ್ಟದ್ದನ್ನು ಯಾವ ಇಲಿಯೂ ಕಂಡಿರಲಾರದು.

ಅವಳು ಎದ್ದು ಹೋಗಿ ಒಂದು ಕಾಗದ ತಂದು ನನ್ನ ಮುಂದಿಟ್ಟಳು. ನಮ್ಮ ಸಂಘದ ಲೆಟರ್ ಹೆಡ್ಡು. (ಮನೆಯಲ್ಲಿ ಬೇರೆ ಕಾಗದ ಇರಲಿಲ್ಲ.) ದುಂಡನೆಯ ಅಕ್ಷರ:

"ಯಜಮಾನರಿಗೆ. ಹದಿನಾರು ವರ್ಷ ಕೊಟ್ಟಿರಿ. ಕೊಡುತ್ತೀರಿ ಅಂತ ನಂಬಿ ನಾನು ನನ್ನ ದಿನ ಕಟ್ಟಿಕೊಂಡೆ. ಈಗ ಹೇಳಲಿಲ್ಲ, ಕೇಳಲಿಲ್ಲ, ನಿಲ್ಲಿಸಿದಿರಿ. ಪ್ರೀತಿಯಿಂದ ಕೊಟ್ಟಿದ್ದು ಅನ್ನುತ್ತೀರಿ. ಹೌದು. ಪ್ರೀತಿಯಿಂದ ಶುರುವಾದದ್ದಕ್ಕೆ ಒಂದು ಮಾತು ಜಾಸ್ತಿಯೇ ಹೇಳಬೇಕು, ಕಡಿಮೆ ಅಲ್ಲ. ಕಷ್ಟ ಇದ್ದರೆ ಕೂರಿಸಿಕೊಂಡು ಕಷ್ಟ ಅನ್ನಿ. ಲೆಕ್ಕ ತೋರಿಸಿ. ಇಪ್ಪತ್ತೊಂದು ದಿನ ಕೊಡಿ. ಅಲ್ಲಿಯವರೆಗೆ ಮೊದಲಿನ ಹಾಗೇ ಕೊಡತಕ್ಕದ್ದು. ಏಕಾಂತಮ್ಮ."

ಓದಿ ನಕ್ಕೆ. ನಕ್ಕಿದ್ದು ಮೊದಲ ತಪ್ಪು.

"ಲೇ, ಮನೇನೇನು ಮಿಲ್ಲಾ? ನಾನೇನು ಮಾಲೀಕನಾ?"

"ಊರೆಲ್ಲ ನಿಮ್ಮನ್ನ ನನ್ನ ಯಜಮಾನ್ರು ಅಂತೈತೆ. ನಾನು ಇಟ್ಟ ಹೆಸರಲ್ಲ. ಲಿಖಿತ ಉತ್ತರ ಕೊಡ್ರಿ."

ಲಿಖಿತ ಉತ್ತರ! ನನ್ನೊಳಗಿನ ಬರಹಗಾರ ಎದ್ದು ಕುಂತ. ಅದೇ ಕಾಗದದ ಹಿಂದುಗಡೆ, ಏನು ಬರೆಯುತ್ತಿದ್ದೇನೆ ಅಂತ ಒಂದು ಗಳಿಗೆ ಯೋಚಿಸದೆ, ಜರ್ರಂತ ಬರೆದೆ:

"ಅರ್ಜಿದಾರರು ಗಮನಿಸತಕ್ಕದ್ದು. ಸದರಿ ಮೊಬಲಗು ಕೊಡುವವರ ಔದಾರ್ಯವೇ ವಿನಾ ಪಡೆಯುವವರ ಹಕ್ಕಲ್ಲ. ಹದಿನಾರು ವರ್ಷ ಕೊಟ್ಟ ಮಾತ್ರಕ್ಕೆ ಹದಿನೇಳನೆಯ ವರ್ಷವೂ ಕೊಡಬೇಕೆಂಬ ನಿರ್ಬಂಧ ಯಾವ ಶಾಸ್ತ್ರದಲ್ಲೂ ಇಲ್ಲ. ಪ್ರೀತಿಗೆ ನೋಟೀಸು ಬೇಕಿಲ್ಲ. ಅರ್ಜಿ ವಜಾ."

ಸಹಿ ಹಾಕಿದೆ. ಕೈ ಅಭ್ಯಾಸ ನೋಡಿ, ಪಕ್ಕದಲ್ಲಿದ್ದ ಸಂಘದ ದುಂಡು ಮೊಹರನ್ನೂ ಒತ್ತಿಬಿಟ್ಟೆ. ಆಮೇಲೆ ಅಮಲ್ದಾರರ ಗತ್ತಿನಲ್ಲಿ ಕಾಗದವನ್ನು ಅವಳ ಕಡೆ ನೂಕಿ ಅಂದೆ:

"ಹ್ಞೂ, ಇದನ್ನ ಫೈಲ್ ಮಾಡು."

ಫೈಲ್ ಮಾಡು. ಈ ಎರಡು ಮಾತು ನೆನಪಿಟ್ಟುಕೊಳ್ಳಿ. ನಾನಂತೂ ಸಾಯುವ ತನಕ ಮರೆಯುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕುಂತೆ. ತಟ್ಟೆಯಲ್ಲಿ ಒಂದು ಮುದ್ದೆ. ದುಂಡಗೆ, ಹೊಳೆಯುತ್ತ, ಒಂಟಿಯಾಗಿ.

"ಸಾರು?"

"ಮುದ್ದೆ ಹಕ್ಕು. ಸಾರು ಔದಾರ್ಯ."

"ಏನು ತಮಾಷೆನೇ?"

"ಕಟ್ಟಿಕೊಂಡೋಳು ಹೊಟ್ಟೆಗೆ ಹಾಕ್ಬೇಕು, ಹಾಕೀನಿ. ಅದ್ರ ಮೇಲೆ ಅವರೆಕಾಳು, ಒಗ್ಗರಣೆ, ಹುಣಸೆಹುಳಿ ಎಲ್ಲ ಹದಿನಾರು ವರ್ಷ ಪ್ರೀತಿಯಿಂದ ಕೊಟ್ಟಿದ್ದು. ಪ್ರೀತಿಗೆ ನೋಟೀಸು ಬೇಕಿಲ್ಲ ಅಂತ ನೀವೇ ಮೊಹರು ಒತ್ತೀರಿ."

ಬರೀ ಮುದ್ದೆಯನ್ನು ನುಂಗಿ ನೋಡಿದ್ದೀರಾ? ಅದು ಗಂಟಲಲ್ಲಿ ನಿಂತು ಹಿಂದೆ ಮುಂದೆ ನೋಡುತ್ತದೆ, ಹೊಸ ಊರಿಗೆ ಬಂದಿಳಿದವನ ಹಾಗೆ. ಸೋಮವಾರ ಬೆಳಿಗ್ಗೆ ಬಚ್ಚಲಿಗೆ ಹೋದರೆ ಹಂಡೆಯಲ್ಲಿ ನೀರಿದೆ, ಬಿಸಿ ಇಲ್ಲ.

"ನೀರು ಹಕ್ಕು," ಅಂತ ಅಡುಗೆಮನೆಯಿಂದ ಧ್ವನಿ ಬಂತು. ಮುಂದಿನದು ನಾನು ಕೇಳಲಿಲ್ಲ. ಗೊತ್ತಿತ್ತು.

ಹತ್ತು ದಿನ ಹೀಗೇ ನಡೆಯಿತು. ಅಂಗಿ ಒಗೆದಿರುತ್ತಿತ್ತು, ಗುಂಡಿ ಹಾಕಿರುತ್ತಿರಲಿಲ್ಲ. ಚಾಪೆ ಹಾಸಿರುತ್ತಿತ್ತು, ದಿಂಬು ಇರುತ್ತಿರಲಿಲ್ಲ. ಮೂರು ರೂಪಾಯಿ ಬಿಸಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕೊಟ್ಟರೆ ಅದು ಹಕ್ಕು ಅಂತ ಒಪ್ಪಿದ ಹಾಗಾಗುತ್ತದಲ್ಲ! (ಸಣ್ಣ ಸಾವ್ಕಾರ್ರು ಫ್ಯಾನಿನ ಕೆಳಗೆ ಕುಂತು ಇದನ್ನೇ ಯೋಚಿಸುತ್ತಿದ್ದಾರೆ ಅಂತ ಆಗ ನನಗೆ ಹೊಳೆಯಲಿಲ್ಲ. ಹೊಳೆಯದೇ ಇರುವುದಕ್ಕೆ ಯಜಮಾನಿಕೆ ಅನ್ನುತ್ತಾರೆ.)

ಹನ್ನೊಂದನೇ ದಿನ ದುರ್ಗದ ಲೇಬರ್ ಆಫೀಸಿನಲ್ಲಿ ರಾಜಿ ಮಾತುಕತೆ. ಬೆಳಿಗ್ಗೆ ಬಸ್ಸಿಗೆ ನಾನು, ಬೋರಕ್ಕ. ಅವಳ ಟಿಕೆಟ್ಟಿಗೆ ಮಿಲ್ಲಿನವರೆಲ್ಲ ಸೇರಿ ಚಿಲ್ಲರೆ ಕೂಡಿಸಿದ್ದರು. ದಾರಿಯುದ್ದಕ್ಕೂ ಫೈಲನ್ನು ಎದೆಗವಚಿಕೊಂಡು ಕುಂತಿದ್ದೆ. ಬೋರಕ್ಕ ಕೆಮ್ಮುತ್ತ ಕೇಳಿದಳು:

"ಸೆಕ್ರೆಟ್ರಿ, ಇವತ್ತು ಆಗ್ತೈತಾ? ನನ್ನ ಕಾಲು ಇನ್ನೊಂದು ತಿಂಗಳು ನಡೆಯಾಕಿಲ್ಲಪ್ಪ. ಆಗಾಕಿಲ್ಲ ಅಂದ್ರೆ ಈಗ್ಲೇ ಹೇಳು, ಕೆಲ್ಸ ಬಿಟ್ಟು ಮನೇಲಿ ಕುಂತ್ಕಂತೀನಿ."

"ಈ ಫೈಲಿನಲ್ಲಿ ಸಿಡಿಲೈತೆ ಬೋರಕ್ಕ," ಅಂದೆ. ಸುಳ್ಳು ಹೇಳಲಿಲ್ಲ.

ಲೇಬರ್ ಸಾಹೇಬ್ರು ಕನ್ನಡಕದ ಮೇಲಿಂದ ನೋಡುವ ಜಾತಿ. ಒಂದು ಬದಿಗೆ ಸಣ್ಣ ಸಾವ್ಕಾರ್ರು, ಇನ್ನೊಂದು ಬದಿಗೆ ನಾವು. "ಕುಂತ್ಕಳ್ರಿ" ಅಂದರು. "ನಿಮ್ಮ ದಾಖಲೆ ಕೊಡಿ" ಅಂದರು. ನಾನು ಎದ್ದು, ಗಂಟಲು ಸರಿಮಾಡಿಕೊಂಡು, ಫೈಲನ್ನು ಎರಡೂ ಕೈಯಲ್ಲಿ ಒಪ್ಪಿಸಿದೆ. ಸಾಹೇಬ್ರು ಎಲ್ಲಕ್ಕಿಂತ ಮೇಲಿದ್ದ ಕಾಗದ ತೆಗೆದು ಗಟ್ಟಿಯಾಗಿ ಓದತೊಡಗಿದರು:

"ಯಜಮಾನರಿಗೆ. ಹದಿನಾರು ವರ್ಷ ಕೊಟ್ಟಿರಿ..."

ಫೈಲ್ ಮಾಡು ಅಂದಿದ್ದೆ. ಮಾಡಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಫೈಲು.

ಸಾಹೇಬ್ರು ಓದುತ್ತ ಹೋದರು. "ಕೊಡುತ್ತೀರಿ ಅಂತ ನಂಬಿ ನಾನು ನನ್ನ ದಿನ ಕಟ್ಟಿಕೊಂಡೆ." ಬೋರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪ್ರೀತಿಯಿಂದ ಶುರುವಾದದ್ದಕ್ಕೆ ಒಂದು ಮಾತು ಜಾಸ್ತಿಯೇ ಹೇಳಬೇಕು, ಕಡಿಮೆ ಅಲ್ಲ." ಸಣ್ಣ ಸಾವ್ಕಾರ್ರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಸರಿದರು. ಓದಿ ಮುಗಿಸಿದ ಸಾಹೇಬ್ರು ಕನ್ನಡಕ ತೆಗೆದರು.

"ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಅರ್ಜಿ ನೋಡಿಲ್ಲ ಕಣ್ರಿ. ಒಂದು ಕಾನೂನಿನ ಪದ ಇಲ್ಲ, ಕಾನೂನೆಲ್ಲ ಐತೆ. ನೀವೇ ಬರೆಸಿದ್ದಾ, ಕಾರ್ಯದರ್ಶಿಗಳೆ?"

ಓದುಗ ಮಹಾಶಯರೆ, ಸತ್ಯ ಹೇಳಲು ಅದು ತಕ್ಕ ಸಮಯವಾಗಿತ್ತು. ನಾನು ವಿನಯದಿಂದ ತಲೆ ಬಾಗಿಸಿದೆ.

"ಯಾರಿದು ಏಕಾಂತಮ್ಮ? ಎಷ್ಟು ವರ್ಷದಿಂದ ದುಡೀತಾರೆ?"

"ಹದಿನಾರು ವರ್ಷ ಸಾರ್," ಅಂದೆ. ಅದೂ ಸುಳ್ಳಲ್ಲ.

"ಏಕಾಂತಮ್ಮ ಅಂತ ಯಾರೂ ನಮ್ಮ ಮಿಲ್ಲಲ್ಲಿ ಇಲ್ವಲ್ಲ," ಅಂದರು ಸಣ್ಣ ಸಾವ್ಕಾರ್ರು.

"ಮಾಲೀಕರಿಗೆ ಹೆಸರೇ ಗೊತ್ತಿಲ್ಲ, ನೋಡಿ!" ಅಂತ ಸಾಹೇಬ್ರು ಅವರನ್ನೇ ಗದರಿ, "ಇದಕ್ಕೆ ನೀವೇನು ಉತ್ತರ ಕೊಟ್ರಿ?" ಅಂತ ಕೇಳುತ್ತ ಕಾಗದವನ್ನು ಮಗುಚಿದರು.

ಮಗುಚಬಾರದಿತ್ತು.

"ಓ, ಇಲ್ಲೇ ಐತೆ. ಅರ್ಜಿದಾರರು ಗಮನಿಸತಕ್ಕದ್ದು. ಸದರಿ ಮೊಬಲಗು ಕೊಡುವವರ ಔದಾರ್ಯ... ಪ್ರೀತಿಗೆ ನೋಟೀಸು ಬೇಕಿಲ್ಲ... ಅರ್ಜಿ ವಜಾ. ಎಂಥ ದುರಹಂಕಾರ ರೀ ಇದು! ಸಾವ್ಕಾರ್ರೆ, ಹಿಂಗಾ ಬರೆಯೋದು?"

"ನಾನು ಬರೆದಿಲ್ಲ ಸಾರ್. ಒಪ್ತೀನಿ, ಆದ್ರೆ ಬರೆದಿಲ್ಲ."

ಸಾಹೇಬ್ರು ಕನ್ನಡಕ ಹಾಕಿಕೊಂಡು ಸಹಿ ನೋಡಿದರು. ಮೊಹರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸಣ್ಣ ಸಾವ್ಕಾರ್ರು ಬಗ್ಗಿ ತಾವೂ ನೋಡಿ, ಮದುವೆ ಮನೆಯಲ್ಲಿ ನಗುವ ಹಾಗೆ ನಕ್ಕರು.

"ಸಂಘದ ಕಾರ್ಯದರ್ಶಿಗಳೇ ಬರೆದಾರೆ! ನಾನು ಹೇಳಿದ್ದನ್ನೇ, ನನಗಿಂತ ಚೆನ್ನಾಗಿ!"

ಬೋರಕ್ಕ ನಿಧಾನಕ್ಕೆ ಎದ್ದು ನಿಂತಳು.

"ಏನಪ್ಪ ಸೆಕ್ರೆಟ್ರಿ. ಯಾರ ಕಡೆಯೋನು ನೀನು?"

ಮೂರನೇ ಪುಟದ ಕೆಂಡ ಅಲ್ಲಿಗೆ ಆರಿತು. ಬೆವರುತ್ತ ಎಲ್ಲ ಹೇಳಿದೆ: ಹೂವು, ಮುದ್ದೆ, ಮೊಹರು, ಹಂಡೆಯ ತಣ್ಣೀರು. ಜವಾನ ಬಾಗಿಲಿಗೆ ಒರಗಿ ಬಾಯಿಗೆ ಟವಲು ತುರುಕಿಕೊಂಡ. ಬೋರಕ್ಕ ಮಾತ್ರ ನಗಲಿಲ್ಲ.

"ಬೀಡಿ ನಿಲ್ಸಿದ್ಯಾ?" ಅಂತ ಕೇಳಿದಳು.

"ಇಲ್ಲ."

"ಸಾವ್ಕಾರ್ರೂ ಫ್ಯಾನು ನಿಲ್ಸಿಲ್ಲ," ಅಂದು ಕುಂತಳು.

ಸಣ್ಣ ಸಾವ್ಕಾರ್ರ ನಗು ಅಲ್ಲಿಗೆ ನಿಂತಿತು. ಸಾಹೇಬ್ರು ಕಾಗದವನ್ನು ಮತ್ತೆ ಮುಂಬದಿಗೆ ತಿರುಗಿಸಿ ಮೇಜಿನ ಮಧ್ಯೆ ಇಟ್ಟರು.

"ಇವರು ಬರೆದಿದ್ದನ್ನ ಒಪ್ತೀನಿ ಅಂದ್ರಲ್ಲ ಸಾವ್ಕಾರ್ರೆ. ಹಂಗಾದ್ರೆ ಆ ಹೆಣ್ಣುಮಗಳ ಪ್ರಶ್ನೆ ನಿಮ್ಮಿಬ್ಬರಿಗೂ. ಇವರ ಮನೇಗೆ ನನ್ನ ಕಾಯ್ದೆ ಬರಲ್ಲ, ಬದುಕಿಕೊಂಡ್ರು. ನಿಮ್ಮ ಮಿಲ್ಲಿಗೆ ಬರ್ತೈತೆ. ಇಪ್ಪತ್ತೊಂದು ದಿನದ ನೋಟೀಸು ಎಲ್ಲಿ?"

"ನೋಟೀಸು... ಕೊಟ್ಟಿಲ್ಲ."

"ಕೂರಿಸಿಕೊಂಡು ಮಾತಾಡಿದ್ರಾ? ಲೆಕ್ಕ ತೋರಿಸಿದ್ರಾ?"

ಇಲ್ಲ. ಇಲ್ಲ. ರಾಜಿ ಆಗದಿದ್ದರೆ ಸರ್ಕಾರಕ್ಕೆ ವರದಿ ಹೋಗುತ್ತದೆ, ಅಲ್ಲಿಂದ ಕೋರ್ಟಿಗೆ ಹೋಗಬಹುದು, ಅಲ್ಲಿ ಈ ಕಾಗದವನ್ನೂ ಓದುತ್ತಾರೆ ಅಂದರು ಸಾಹೇಬ್ರು. ಸಣ್ಣ ಸಾವ್ಕಾರ್ರು ಫ್ಯಾನಿಲ್ಲದ ಆ ಕೋಣೆಯ ಮಾಡು ನೋಡಿ ಬೆವರೊರೆಸಿಕೊಂಡರು. ಕಡೆಗೆ ರಾಜಿ ಪತ್ರ ಆಯಿತು: ನಿಲ್ಲಿಸಿದ ತಿಂಗಳುಗಳದ್ದೂ ಸೇರಿ ಬೆಲ್ಲದ ಕಾಸು ಮೊದಲಿನಂತೆ, ಮುಂದೆ ಏನೇ ಬದಲು ಮಾಡಿದರೂ ನೋಟೀಸು ಕೊಟ್ಟು, ಮಾತಾಡಿ.

ಸಹಿ ಹಾಕುವ ಮೊದಲು ಸಣ್ಣ ಸಾವ್ಕಾರ್ರು ಪೆನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿದರು. "ನಾನು ಕೊಡ್ತೀನಿ. ಈ ಯಜಮಾನ್ರೂ ಮನೇಲಿ ಕೊಡ್ತಾರಾ? ಹಿಂಬಾಕಿ ಸಮೇತ?"

"ಅದನ್ನ ನಾನು ನೋಡ್ಕತೀನಿ," ಅಂದಳು ಬೋರಕ್ಕ. "ದಿನಾ ಬಸ್ಸಿಳಿದು ಇವನ ಮನೆ ಮುಂದೇನೇ ಮಿಲ್ಲಿಗೆ ಹೋಗ್ತೀನಲ್ಲ. ಶುಕ್ರವಾರ ಆಯಮ್ಮನ ತಲೇಲಿ ಹೂವು ಕಾಣ್ಲಿಲ್ಲ ಅಂದ್ರೆ ಮಾರನೇ ದಿನ ಜಿನ್ನು ತಿರುಗಲ್ಲ."

ಅರವತ್ತೆರಡು ಜನರ ಸಂಘ ತನ್ನ ಕಾರ್ಯದರ್ಶಿಯ ವಿರುದ್ಧವೇ ಮುಷ್ಕರದ ಬೆದರಿಕೆ ಹಾಕಿದ್ದು ಈ ಭಾಗದಲ್ಲಿ ಅದೇ ಮೊದಲಿರಬೇಕು. ಹೊರಗೆ ಬರುವಾಗ ಅವಳೇ ಸೇರಿಸಿದಳು: "ಮುಂದಿನ ಅರ್ಜಿ ಆಯಮ್ಮನ ಕೈಲೇ ಬರೆಸು. ನೀನು ಮೊಹರು ಒತ್ತು, ಸಾಕು. ಎಲ್ಲಿ ಒತ್ತಬೇಕು ಅಂತಾನೂ ಅವಳನ್ನೇ ಕೇಳು."

ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಾಕಿಯನ್ನೆಲ್ಲ ಒಟ್ಟಿಗೇ ತೀರಿಸಿಬಿಡೋಣ ಅಂತ ಕನಕಾಂಬರ ಕೊಂಡೆ. ಹೂವಿನವಳು ತನ್ನ ಗಿಡ್ಡ ಕೈಯಲ್ಲಿ ಮೊಳ ಹಾಕಿದಳು; "ಮೊಳ ಸಣ್ಣದಾಯ್ತು" ಅಂದೆ; "ಹಂಗಾದ್ರೆ ಇಪ್ಪತ್ತು ವರ್ಷದಿಂದ ಸಣ್ಣದೇ ಅಣ್ಣ, ಇವತ್ತು ಹೆಂಗೆ ಬದಲು ಮಾಡಲಿ?" ಅಂದಳು. ಬಾಯಿ ಮುಚ್ಚಿಕೊಂಡು ಕಾಸು ಕೊಟ್ಟೆ.

ಏಕಾಂತಮ್ಮ ಹೂವಿನ ಪೊಟ್ಟಣ ಬಿಚ್ಚಿ ನೋಡಿದಳು. ಅರ್ಧ ತಾನು ಮುಡಿದು ಮಿಕ್ಕರ್ಧ ಎತ್ತಿಟ್ಟಳು, ಬೋರಕ್ಕನಿಗಂತೆ. ಆಮೇಲೆ ತಟ್ಟೆ ಹಾಕಿದಳು. ಮುದ್ದೆ. ಅದರ ಮೇಲೆ, ಕಣ್ಣು ತುಂಬಿ ಬರುವಷ್ಟು, ಸಾರು. ತಟ್ಟೆಯ ಪಕ್ಕದಲ್ಲೊಂದು ಚೀಟಿ.

"ಯಜಮಾನರಿಗೆ. ಇವತ್ತಿಗೆ ಇಪ್ಪತ್ತೊಂದು ದಿನ ಕಳೆದ ಮೇಲೆ ನಿಮ್ಮ ಸಂಜೆಯ ಎರಡನೇ ಕಾಫಿ ನಿಲ್ಲುತ್ತದೆ. ಕಾಫಿಪುಡಿ ತುಟ್ಟಿಯಾಗಿದೆ, ಲೆಕ್ಕ ಡಬ್ಬಿಯಲ್ಲಿದೆ. ಮಾತಾಡುವುದಿದ್ದರೆ ಕೂತು ಮಾತಾಡಿ."

ಕಲಮು ಒಂಬತ್ತು-ಎ ಪ್ರಕಾರ ಒಂದಕ್ಷರ ತಪ್ಪಿಲ್ಲ. ಎಲ್ಲಿ ಹೋಗಿ ದೂರು ಕೊಡಲಿ?

ಈ ವಾರದ ಲೇಖನಕ್ಕೆ ನಾನು ಕೊಟ್ಟ ತಲೆಬರಹ "ಕಾರ್ಯದರ್ಶಿಯ ವಾದಕ್ಕೆ ಜಯ" ಅಂತ ಇತ್ತು. ಏಕಾಂತಮ್ಮ ಓದಿ, ಕಾಗದವನ್ನು ವಾಪಸು ಕೊಟ್ಟು, "ಯಾರ ವಾದ?" ಅಂದಳು. ಅದಕ್ಕೇ ಆ ಲೇಖನದ ಬದಲು ನಿಮ್ಮ ಕೈಯಲ್ಲಿ ಈಗ ಇದಿದೆ.

ನಗುತ್ತಿದ್ದೀರಿ, ಅಲ್ಲವೇ? ಸಾಕು, ನಿಲ್ಲಿಸಿ. (ನಗುವಿಗೆ ನೋಟೀಸು ಬೇಕಿಲ್ಲ.) ನಿಮ್ಮ ಮನೆಯಲ್ಲಿ, ನಿಮ್ಮ ಅಂಗಡಿಯಲ್ಲಿ, ನಿಮ್ಮ ಹೊಲದಲ್ಲಿ, ವರ್ಷಗಟ್ಟಲೆ ಕೊಟ್ಟು ಒಂದು ದಿನ ಹೇಳದೆ ಕೇಳದೆ ನಿಲ್ಲಿಸಿದ್ದು ಒಂದಿದೆ. ಏನು ಅಂತ ನಿಮಗೆ ನೆನಪಿರಲಿಕ್ಕಿಲ್ಲ. ಸಿಗದೆ ಹೋದವರಿಗೆ ನೆನಪಿದೆ. ಪೇಪರು ಮಡಿಸಿ ಕೆಳಗಿಡಿ. ಎದ್ದೇಳಿ. ಹೋಗಿ ಅವರನ್ನು ಕೇಳಿ. ಈಗಲೇ.